ಪಾಠದ ನಡುವೆ ಜಾಹೀರಾತು

ಶಿಖರ ಕೋಚಿಂಗ್ ಸೆಂಟರಿನ ಜಾಹೀರಾತನ್ನು ಗೌರಿ ತಡೆಹಿಡಿದ ವಾರದಲ್ಲೇ ಮಿಥುನನ ತಲೆ ಒಡೆಯಿತು.

ಕೋಲ್ಕತ್ತಾದ ಟಾಲಿಗಂಜ್ ಟ್ರಾಮ್ ಡಿಪೋದ ಎದುರು, ಹಾಡಹಗಲಲ್ಲಿ, ಎಗ್ ರೋಲ್ ಮಾರುವವನ ಗಾಡಿಯ ಪಕ್ಕದಲ್ಲೇ ಇದು ನಡೆಯಿತು. ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತಿದ್ದವನು ಇಳಿದು, "ಟೀವಿ ಆಫೀಸಿನ ಕಂಪ್ಯೂಟರಿನವರು ನೀವೇನಾ?" ಎಂದು ಹಿಂದಿಯಲ್ಲಿ ಮರ್ಯಾದೆಯಿಂದಲೇ ಕೇಳಿದ. ಮಿಥುನ್ ಹೌದೆಂದು ತಲೆಯಾಡಿಸುವಷ್ಟರಲ್ಲಿ ಕಬ್ಬಿಣದ ಸರಳು ಅವನ ಎಡಗಿವಿಯ ಮೇಲೆ ಬಿತ್ತು. ಅವನು ಗಾಡಿಯ ಮೇಲೆ ಕುಸಿದ. ಕಾದ ಕಾವಲಿ ಮಗುಚಿ ಮೊಣಕೈ ಸುಟ್ಟಿತು. ಎರಡನೆಯ ಏಟು ಹೆಗಲಿಗೆ, ಮೂರನೆಯದು ಬೆನ್ನಿಗೆ. "ನಿಮ್ಮ ದಿದಿಗೆ ಹೇಳು, ಜಾಹೀರಾತು ಬರಬೇಕು," ಎಂದು ಹೇಳಿ ಅವರು ಬೈಕ್ ಹತ್ತಿದರು. ಸುತ್ತ ನಿಂತವರಲ್ಲಿ ಒಬ್ಬರೂ ನಂಬರ್ ನೋಡಿರಲಿಲ್ಲ.

ದಿದಿ ಎಂದರೆ ಗೌರಿ. ಧಾರವಾಡದ ಹೆಣ್ಣುಮಗಳು, ಮೊದಲು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವಳು. ಗಂಡ ದೇವೇಂದ್ರನ ರೈಲ್ವೆ ನೌಕರಿಯ ಬೆನ್ನುಹತ್ತಿ ಕೋಲ್ಕತ್ತಾಕ್ಕೆ ಬಂದು, 'ಪಾಠಶಾಲಾ' ಎಂಬ ಶೈಕ್ಷಣಿಕ ವಾಹಿನಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ತಮ್ಮ ಮಗ ಅಲ್ಲೊಂದು ಕುರ್ಚಿ ಹಿಡಿಯಬೇಕೆಂಬುದು ಪ್ರತಿ ತಂದೆತಾಯಿಯ ಆಸೆ. ಆ ಆಸೆಯ ಮೇಲೆ ಬೀದಿಗೊಂದರಂತೆ ಕೋಚಿಂಗ್ ಸೆಂಟರುಗಳು ಹುಟ್ಟಿಕೊಂಡಿದ್ದವು. ಅವುಗಳ ಜಾಹೀರಾತು ಪಾಠಶಾಲಾಕ್ಕೂ ಬರತೊಡಗಿದಾಗ ವಾಹಿನಿಯವರು ಕೆಲವು ನಿಯಮ ಮಾಡಿಕೊಂಡರು. ಪಾಠದ ಮಧ್ಯೆ ಜಾಹೀರಾತು ಕೂಡದು. ಪಾಠ ಹೇಳುವ ಮೇಷ್ಟ್ರು ಜಾಹೀರಾತಿನಲ್ಲಿ ಕಾಣಿಸಕೂಡದು. ಮಕ್ಕಳನ್ನು ಹೆದರಿಸಿ ಏನನ್ನೂ ಮಾರಕೂಡದು. ಇದನ್ನು ಕಾಯುವುದೇ ಗೌರಿಯ ಉದ್ಯೋಗ. ಅವಳು ಒಪ್ಪಿದ್ದನ್ನು ಮಾತ್ರ ಬೆಂಗಳೂರಿನ ಕಂಪನಿಯೊಂದರಿಂದ ಬಂದಿದ್ದ ಮಿಥುನ್ ತನ್ನ ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಏರಿಸುತ್ತಿದ್ದ.

ಶಿಖರದ ಜಾಹೀರಾತು ಗೌರಿ ಊರಲ್ಲಿಲ್ಲದ ದಿನ, ವಾಹಿನಿಯ ನಿರ್ದೇಶಕರ ಬಾಯಿಮಾತಿನ ಮೇಲೆ, ಗಣಿತದ ಪಾಠದ ನಡುವೆಯೇ ಪ್ರಸಾರವಾಗಿಬಿಟ್ಟಿತ್ತು. ಅದರಲ್ಲಿ ಒಬ್ಬ ತಂದೆ ಮಗನ ಅಂಕಪಟ್ಟಿ ನೋಡಿ ಕಪಾಳಕ್ಕೆ ಬಾರಿಸುತ್ತಾನೆ. ತಾಯಿ ಮುಖ ತಿರುಗಿಸುತ್ತಾಳೆ. ಹುಡುಗ ಕೆನ್ನೆ ಹಿಡಿದುಕೊಂಡು ಅಳುತ್ತಿರುವಾಗ, ವಾಹಿನಿಯಲ್ಲಿ ಗಣಿತ ಹೇಳುವ ಬದರಿನಾಥ ಮೇಷ್ಟ್ರೇ ಬಂದು, "ಶಿಖರಕ್ಕೆ ಬಾ, ಮತ್ತೆಂದೂ ಏಟು ತಿನ್ನಬೇಕಾಗಿಲ್ಲ," ಎನ್ನುತ್ತಾರೆ. ಮೇಷ್ಟ್ರ ಪಾಠದ ನಡುವೆ ಮೇಷ್ಟ್ರದೇ ಜಾಹೀರಾತು. ಮಾರನೆಯ ದಿನ ಬೆಹಾಲಾದ ಹೆಂಗಸೊಬ್ಬಳು ಫೋನ್ ಮಾಡಿ, ತನ್ನ ಗಂಡ ಆ ಜಾಹೀರಾತು ನೋಡಿ ಎದ್ದುಹೋಗಿ ಮಗನಿಗೆ ಬಾರಿಸಿದನೆಂದು ಅತ್ತಳು. ಗೌರಿ ಆ ಕ್ಷಣವೇ ಮಿಥುನನನ್ನು ಕರೆದು ಅದನ್ನು ತೆಗೆಸಿದಳು.

ಶಿಖರದ ಒಡೆಯ ನಿಶೀಥ ಹಾಲ್ದಾರ್ ಮಿಠಾಯಿ ಡಬ್ಬಿ ಹಿಡಿದುಕೊಂಡೇ ಬಂದಿದ್ದ. ನಕ್ಕು ಮಾತಾಡಿದ. ಗೌರಿ ಡಬ್ಬಿಯನ್ನು ಮುಟ್ಟದಿದ್ದಾಗ ಅದನ್ನು ಅಲ್ಲೇ ಬಿಟ್ಟು ಎದ್ದುಹೋದ. ಆಮೇಲೆ ಟ್ರಾಮ್ ಡಿಪೋದಲ್ಲಿ ಈ ಹೊಡೆತ.

ಆಸ್ಪತ್ರೆಯಲ್ಲಿ ಮಿಥುನನ ತಲೆಗೆ ಹೊಲಿಗೆ ಹಾಕಿದ್ದರು. ಎಡಗಿವಿ ಕೇಳಿಸುವುದು ಅನುಮಾನ ಎಂದಿದ್ದರು ಡಾಕ್ಟರು. ಗೌರಿ ಅವನ ಬಲಗಡೆಗೆ ಸ್ಟೂಲು ಎಳೆದುಕೊಂಡು ಕೂತಳು.

"ನಿಂಗ ಹೊಡೀಬಾರದಾಗಿತ್ತಪ್ಪಾ. ಹೊಡಿಯೋದಿದ್ರ ನಂಗ ಹೊಡೀಬೇಕಿತ್ತು. ಊರಿಗೆ ಹೋಗಿಬಿಡು ನೀನು. ನಾ ನಿಮ್ಮ ಕಂಪನಿಯವರ ಕೂಡ ಮಾತಾಡ್ತೀನಿ."

"ಇಲ್ಲ ಮೇಡಂ," ಎಂದ ಮಿಥುನ್. ಮಾತಾಡಿದರೆ ದವಡೆ ನೋಯುತ್ತಿತ್ತು. "ಈಗ ಹೋದ್ರೆ ಜೀವನಪೂರ್ತಿ ಬೈಕ್ ಸೌಂಡ್ ಕೇಳಿದ್ರೇ ಹೆದರ್ತೀನಿ. ಪರೀಕ್ಷೆ ಪ್ರೋಗ್ರಾಂ ಮುಗಿಸಿ ಹೋಗ್ತೀನಿ."

ಬಾಗಿಲ ಬಳಿ ಬದರಿನಾಥ ಮೇಷ್ಟ್ರು ಬಂದು ನಿಂತಿದ್ದನ್ನು ಅವರಿಬ್ಬರೂ ಗಮನಿಸಿರಲಿಲ್ಲ. ಮೈಸೂರು ಕಡೆಯವರು. ಹುಡುಗರಾಗಿದ್ದಾಗಲೇ ಕೋಲ್ಕತ್ತಾಕ್ಕೆ ಬಂದು, ಮೂರು ತಲೆಮಾರಿನ ಬಂಗಾಳಿ ಮಕ್ಕಳಿಗೆ ರೇಖಾಗಣಿತ ಕಲಿಸಿದವರು. ನಿವೃತ್ತರಾದ ಮೇಲೆ ಟೀವಿಯ ಪಾಠದಿಂದ ಊರಿಗೆಲ್ಲ ಗುರುತಾಗಿದ್ದರು. ಜಾಹೀರಾತು ನಿಲ್ಲಿಸಿದ ದಿನ ಅವರು ಗೌರಿಯ ಕೋಣೆಗೆ ನುಗ್ಗಿ, "ನಲವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದಿದ್ದೀನಿ ಕಣಮ್ಮ, ಟೀವಿಯಲ್ಲೂ ಗರಿಯಾಹಾಟಿನ ಚೌಕದ ಬೋರ್ಡಿನಲ್ಲೂ ನನ್ನ ಮುಖ ದೊಡ್ಡದಾಗಿ ಕಂಡರೆ ನಿನಗೇನು ಉರಿ?" ಎಂದು ಕೂಗಾಡಿದ್ದರು. ಈಗ ಮಿಥುನನ ಊದಿದ ಮುಖ ನೋಡುತ್ತ ಮಂಚದ ಹತ್ತಿರ ಬಂದರು.

"ನನ್ನ ಮುಖ ತೋರಿಸೋದಕ್ಕೆ ಈ ಹುಡುಗನ ಮುಖ ಹಿಂಗ್ ಮಾಡಿದ್ರಾ?" ಎಂದರು. ಉತ್ತರಕ್ಕೆ ಕಾಯದೆ ಹೊರಟುಹೋದರು.

ಪರೀಕ್ಷೆಗೆ ಮೊದಲು ಮಕ್ಕಳು ಫೋನ್ ಮಾಡಿ ಲೆಕ್ಕ ಕೇಳುವ ನೇರ ಪ್ರಸಾರ ಪ್ರತಿವರ್ಷ ಫೆಬ್ರವರಿಯಲ್ಲಿ ಇರುತ್ತಿತ್ತು. ಆ ದಿನ ಮಧ್ಯಾಹ್ನ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟು ಬಂದರು. ಗೌರಿಯನ್ನು ಪಕ್ಕಕ್ಕೆ ಕರೆದರು.

"ಕೊನೇಲಿ ಎರಡು ಮಾತು ಹೇಳ್ತೀನಿ ಕಣಮ್ಮ. ಆ ಜಾಹೀರಾತು ತಪ್ಪು, ನಾನು ಅದರಲ್ಲಿ ಇರಬಾರದಿತ್ತು, ಯಾವ ಮಗುವೂ ಏಟಿಗೆ ಹೆದರಿ ಎಲ್ಲಿಗೂ ಸೇರಬೇಕಾಗಿಲ್ಲ ಅಂತ. ಬೆಳಿಗ್ಗೆ ಹಾಲ್ದಾರ್‌ಗೂ ಫೋನ್ ಮಾಡಿ ಹೇಳಿದ್ದೀನಿ."

ಗೌರಿ ಅವರ ತೋಳು ಹಿಡಿದಳು. "ಅವಂಗ ಯಾಕ ಹೇಳಿದ್ರಿ ಸರ? ಸುಮ್ನಿರ್ಬೇಕಿತ್ತಲ್ಲ!"

"ಅವನ ಉಪ್ಪಿನಕಾಯಿ ಅನ್ನ ಅವನ ಮನೇಲಿ ಕೂತು ತಿಂದಿದ್ದೀನಿ. ಹಿಂದಿನಿಂದ ಹೇಳೋದು ನನಗೆ ಬರಲ್ಲ."

ಗೌರಿ ಠಾಣೆಗೆ ಫೋನ್ ಮಾಡಿದಳು. ಒಬ್ಬ ಕಾನ್‌ಸ್ಟೇಬಲ್ ಬಂದು ಗೇಟಿನ ಹೊರಗೆ ಚಹಾದ ಮಣ್ಣಿನ ಲೋಟ ಹಿಡಿದು ನಿಂತ.

ಪ್ರಸಾರ ಶುರುವಾಯಿತು. ಕಂಟ್ರೋಲ್ ರೂಮು ಸ್ಟುಡಿಯೋದ ಮೇಲ್ಭಾಗದಲ್ಲಿ, ದಪ್ಪ ಗಾಜಿನ ಹಿಂದೆ ಇತ್ತು. ಅಲ್ಲಿಂದ ಬಗ್ಗಿ ನೋಡಿದರೆ ಕೆಳಗೆ ಮೇಷ್ಟ್ರು, ಕಪ್ಪು ಹಲಗೆ, ಎರಡು ಕ್ಯಾಮೆರಾ ಎಲ್ಲವೂ ಕಾಣುತ್ತಿದ್ದವು. ತಲೆಗೆ ಪಟ್ಟಿ ಕಟ್ಟಿಕೊಂಡ ಮಿಥುನ್ ಕಂಪ್ಯೂಟರಿನ ಮುಂದೆ, ಪಕ್ಕದಲ್ಲಿ ಗೌರಿ. ಅವಳ ಬೆರಳಿಗೆ ಎಟಕುವಂತೆ ಒಂದು ಗುಂಡಿ. ಅದನ್ನು ಒತ್ತಿದರೆ ಪ್ರಸಾರ ನಿಂತು, 'ಅಡಚಣೆಗಾಗಿ ಕ್ಷಮಿಸಿ' ಎಂಬ ಚಿತ್ರ ಬರುತ್ತಿತ್ತು.

ದುರ್ಗಾಪುರದ ಹುಡುಗಿಯೊಬ್ಬಳು ಫೋನಿನಲ್ಲಿದ್ದಳು. ವೃತ್ತದ ಹೊರಗಿನ ಬಿಂದುವಿನಿಂದ ಎಳೆದ ಸ್ಪರ್ಶಕಗಳ ಲೆಕ್ಕ. ಮೇಷ್ಟ್ರು ಹಲಗೆಯ ಮೇಲೆ ಕೈಯಿಂದಲೇ ದುಂಡಗೆ ವೃತ್ತ ಬರೆದು, "ಈಗ ಹೇಳು ಮಾ, ಈ ಎರಡು ಗೆರೆ ಯಾಕೆ ಸಮ?" ಎಂದು ಬಂಗಾಳಿಯಲ್ಲಿ ಕೇಳಿದರು. ಆಗ ಸ್ಟುಡಿಯೋದ ಬಾಗಿಲು ಚಿಲಕದ ಸಮೇತ ಒಳಗೆ ಬಿತ್ತು.

ಐದಾರು ಜನ ನುಗ್ಗಿದರು. ಕ್ಯಾಮೆರಾ ಹಿಡಿದಿದ್ದವರು ಬಿಟ್ಟು ಓಡಿದರು. ಮೊದಲನೆಯವನು ಮೇಷ್ಟ್ರ ಜುಬ್ಬಾದ ಕೊರಳು ಹಿಡಿದು ಎಳೆದು ಹಲಗೆಗೆ ಅವರ ಹಣೆಯನ್ನು ಅಪ್ಪಳಿಸಿದ. ವೃತ್ತದ ಮೇಲೆ ರಕ್ತ ಬಳಿದುಕೊಂಡಿತು. ಇನ್ನೊಬ್ಬ ಮೊಣಕಾಲಿನ ಹಿಂದೆ ಒದ್ದ. ಅವರು ಕುಸಿದರು. ಮೂರನೆಯವನು, ಕೆಂಪು ಬನಿಯನ್ನಿನ ಕಟ್ಟುಮಸ್ತಾದ ಹುಡುಗ, ದೀಪದ ಸ್ಟ್ಯಾಂಡನ್ನೇ ಕಿತ್ತು ಮೇಲೆತ್ತಿದ.

"ಬಲಗೈ!" ಎಂದು ಯಾರೋ ಕೂಗಿದರು. "ಬರೆಯೋ ಕೈ!"

ಸ್ಟ್ಯಾಂಡು ಕೆಳಗಿಳಿಯಿತು. ಮೇಷ್ಟ್ರು ಕಿರುಚಿದರು. ಎದೆಯ ಮೈಕು ಆ ಚೀತ್ಕಾರವನ್ನು ಹಾಗೆಯೇ ಊರೂರಿಗೆ ಒಯ್ದಿತು. ಫೋನಿನ ಹುಡುಗಿ, "ಸರ್? ಸರ್, ಏನಾಯ್ತು ಸರ್?" ಎನ್ನುತ್ತಲೇ ಇದ್ದಳು.

"ಮೇಡಂ, ಕಟ್ ಮಾಡಿ!" ಎಂದು ಮಿಥುನ್ ಅರಚಿದ. "ಮಕ್ಕಳು ನೋಡ್ತಿದ್ದಾರೆ!"

ಗೌರಿಯ ಬೆರಳು ಗುಂಡಿಯ ಮೇಲೆಯೇ ಇತ್ತು. ಆಗ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಮೊದಲನೆಯವನು ಕ್ಯಾಮೆರಾದ ನೆತ್ತಿಯಲ್ಲಿ, ಪ್ರಸಾರ ನಡೆಯುವಷ್ಟು ಹೊತ್ತು ಉರಿಯುವ ಕೆಂಪು ದೀಪ ನೋಡಿ ತಟ್ಟನೆ ಮುಖಕ್ಕೆ ಕರವಸ್ತ್ರ ಎಳೆದುಕೊಂಡ. ಸ್ಟ್ಯಾಂಡು ಹಿಡಿದವನ ತೋಳನ್ನೂ ಜಗ್ಗಿ, ದೀಪದ ಕಡೆ ಬೆರಳು ತೋರಿಸಿದ. ತಲೆಯ ಮೇಲೆ ಬೀಳಬೇಕಿದ್ದ ಏಟು ಗಾಳಿಯಲ್ಲಿ ನಿಂತಿತು.

"ಬ್ಯಾಡ," ಎಂದಳು ಗೌರಿ. "ದೀಪ ಆರಿದ್ರ ಸಾಯಿಸ್ತಾರ ಅವರನ್ನ. ಎರಡನೇ ಕ್ಯಾಮೆರಾ ಹಾಕು. ಮುಖ ಕಾಣ್ಲಿ."

ಮಿಥುನ್ ಹಾಕಿದ. ನುಗ್ಗಿದವರಲ್ಲಿ ಇಬ್ಬರು ಮೆಟ್ಟಿಲು ಹತ್ತಿ ಬಂದು ಕಂಟ್ರೋಲ್ ರೂಮಿನ ಬಾಗಿಲಿಗೆ ಒದೆಯತೊಡಗಿದರು. ಮಿಥುನ್ ಮೇಜನ್ನು ಬಾಗಿಲಿಗೆ ತಳ್ಳಿ ಬೆನ್ನು ಕೊಟ್ಟು ನಿಂತ. ಪ್ರತಿ ಒದೆತಕ್ಕೂ ಅವನ ಪಟ್ಟಿಯ ಕೆಳಗಿನಿಂದ ರಕ್ತ ಜಿನುಗುತ್ತಿತ್ತು. ಕೆಳಗೆ ಬದರಿನಾಥ ಮೇಷ್ಟ್ರು ಮಂಡಿಯೂರಿ, ಮುರಿದ ಕೈಗೆ ಇನ್ನೊಂದು ಕೈ ಜೋಡಿಸಿ, ಬಂಗಾಳಿಯಲ್ಲಿ ಬೇಡುತ್ತಿದ್ದರು. ಬೇಡ ಅಪ್ಪಾ, ಸಾಕು ಅಪ್ಪಾ ಎಂದು. ಗೌರಿ ಅದನ್ನು ಗಾಜಿನ ಆಚೆಯೂ ನೋಡಿದಳು, ಎದುರಿನ ಪರದೆಯಲ್ಲೂ ನೋಡಿದಳು. ಇದೇ ಹೊತ್ತಿಗೆ ತನ್ನ ಮಗಳು ಪ್ರತೀಕ್ಷಾ ಗಣಿತದ ಪುಸ್ತಕ ಬಿಚ್ಚಿಕೊಂಡು ಟೀವಿಯ ಮುಂದೆ ಕೂತಿದ್ದಾಳೆಂದು ಅವಳಿಗೆ ಗೊತ್ತಿತ್ತು. ಬೆರಳನ್ನು ಗುಂಡಿಯಿಂದ ತೆಗೆದು ಮುಷ್ಟಿ ಕಟ್ಟಿಕೊಂಡಳು.

ಟೀವಿ ನೋಡುತ್ತಿದ್ದವರು ಮಕ್ಕಳಷ್ಟೇ ಅಲ್ಲ. ಗಲ್ಲಿಯ ಚಹಾದಂಗಡಿಯಲ್ಲಿ ಅದೇ ವಾಹಿನಿ ನಡೆಯುತ್ತಿತ್ತು. ಮೇಷ್ಟ್ರ ಚೀತ್ಕಾರ ಕೇಳಿ ಮೊದಲು ಅಂಗಡಿಯವರು ಎದ್ದರು, ಆಮೇಲೆ ಓಣಿಯ ಕ್ಲಬ್ಬಿನ ಹುಡುಗರು ಕೇರಂ ಬಿಟ್ಟು ಎದ್ದರು. ಬ್ಯಾಟು, ಸ್ಟಂಪು, ಮೀನಿನಂಗಡಿಯ ತೂಕದ ಕಲ್ಲು, ಕೈಗೆ ಸಿಕ್ಕಿದ್ದು ಹಿಡಿದು ಅವರು ಗೇಟು ತಳ್ಳಿಕೊಂಡು ಒಳಗೆ ಬಂದಾಗ ಕಾನ್‌ಸ್ಟೇಬಲ್ ಗೋಡೆಗೆ ಒರಗಿ ದಾರಿ ಬಿಟ್ಟ. ಮೆಟ್ಟಿಲ ಮೇಲಿದ್ದ ಇಬ್ಬರು ಹಾರಿ ಓಡಿದರು. ಉಳಿದವರು ಹಿಂಬಾಗಿಲಿನಿಂದ ಪರಾರಿಯಾದರು. ಕೆಂಪು ಬನಿಯನ್ನಿನವನು ಮಾತ್ರ ಕ್ಯಾಮೆರಾದ ಕೇಬಲ್ಲಿಗೆ ಕಾಲು ಸಿಕ್ಕಿ ಮುಗ್ಗರಿಸಿದ. ಏಳುವುದಕ್ಕೆ ಅವನನ್ನು ಯಾರೂ ಬಿಡಲಿಲ್ಲ.

ಮೊದಲು ಚಪ್ಪಲಿ, ಆಮೇಲೆ ಸ್ಟಂಪು. ಅವನ ತುಟಿ ಒಡೆಯಿತು, ಹಲ್ಲು ನೆಲಕ್ಕೆ ಬಿತ್ತು. ಕ್ಲಬ್ಬಿನ ಒಬ್ಬ ಹಿರಿಯ, "ಸಾಕ್ರೋ, ಟೀವಿಯಲ್ಲಿ ಬರ್ತಿದೆ, ಪೊಲೀಸಿಗೆ ಕೊಡೋಣ," ಎಂದು ಹುಡುಗರನ್ನು ಹಿಂದಕ್ಕೆ ಎಳೆಯುತ್ತಿದ್ದ. ಕ್ಲಬ್ಬಿನ ಇಬ್ಬರು ಮೇಷ್ಟ್ರನ್ನು ಎತ್ತಿಕೊಂಡು ಹೊರಗೆ ಓಡಿದರು. ಫೋನಿನ ಹುಡುಗಿ ಇನ್ನೂ ಬಿಕ್ಕುತ್ತಿದ್ದಳು. ಸಾಕು, ಮೇಷ್ಟ್ರು ಉಳಿದರು, ಇನ್ನು ಮಕ್ಕಳು ಇದನ್ನೆಲ್ಲ ನೋಡಬಾರದು ಎಂದು ಗೌರಿಗೆ ಎನಿಸಿತು. ಗುಂಡಿ ಒತ್ತಿದಳು.

ಕ್ಯಾಮೆರಾಗಳ ನೆತ್ತಿಯ ದೀಪ ಆರಿತು.

ಅದನ್ನು ಗಾಜಿನ ಕೆಳಗೆ ಯಾರೋ ನೋಡಿದರು. "ಬಂದ್ ಆಯ್ತು! ಬಂದ್ ಆಯ್ತು!" ಎಂಬ ಕೂಗು ಎದ್ದಿತು. ಹಿರಿಯನನ್ನು ಪಕ್ಕಕ್ಕೆ ನೂಕಿದರು. ಬ್ಯಾಟು ಹಿಡಿದವನು ಎರಡೂ ಕೈಯಲ್ಲಿ ಎತ್ತಿ, ಸೌದೆ ಒಡೆಯುವ ಹಾಗೆ ಹೊಡೆದ. ಇನ್ನೊಬ್ಬ ತೂಕದ ಕಲ್ಲನ್ನು ಎತ್ತಿದ. ಗೌರಿ ಗಾಜಿಗೆ ಬಡಿದಳು, ಕೆಳಗೆ ಕೇಳಿಸಲಿಲ್ಲ. ಮತ್ತೆ ಗುಂಡಿಗೆ ಕೈಹಾಕಲು ಹೊಳೆಯಲೂ ಇಲ್ಲ. ಮಿಥುನ್ ಇಟ್ಟ ಮೇಜನ್ನು ಎಳೆದು, ಮೆಟ್ಟಿಲು ಇಳಿದು, ಜನರ ಕಂಕುಳಡಿ ನುಗ್ಗಿ, ಆ ಹುಡುಗನ ಮೇಲೆ ಅಡ್ಡ ಬಿದ್ದಳು. ಮೇಲಿನಿಂದ ಇಳಿದ ಬ್ಯಾಟು ಅವಳ ಕೊರಳ ಪಕ್ಕದ ಹೆಗಲೆಲುಬಿಗೆ ಬಿತ್ತು. ಕಣ್ಣಿಗೆ ಕತ್ತಲೆ ಬಂತು. ಅವಳ ಕೆಳಗೆ ಅವನು ಉಸಿರಾಡುತ್ತಿದ್ದ. ಪ್ರತಿ ಉಸಿರಿಗೂ ಬಾಯಲ್ಲಿ ರಕ್ತದ ಗುಳ್ಳೆ ಏಳುತ್ತಿತ್ತು. "ದಿದಿ," ಎಂದ. "ನಿಲ್ಲಿಸೋಕೆ ಹೇಳಿ, ದಿದಿ." ಅವಳು ಹೇಳಿದಳು. ಯಾವ ಭಾಷೆಯಲ್ಲಿ ಹೇಳಿದಳೋ ಅವಳಿಗೇ ನೆನಪಿಲ್ಲ. ಅವರು ನಿಲ್ಲಿಸಿದ್ದು ಅವಳ ಮಾತಿಗಲ್ಲ, ಅವಳ ಸೀರೆಗೆ ಮೆತ್ತಿದ ರಕ್ತ ಯಾರದೆಂದು ಗೊತ್ತಾಗದೆ ಗಾಬರಿಯಾದದ್ದಕ್ಕೆ.

ಅವನ ಹೆಸರು ಪಲ್ಟು. ಆಸ್ಪತ್ರೆಗೆ ತಲುಪುವ ಮೊದಲೇ ಸತ್ತ.

ಹಾಲ್ದಾರ್ ಸಿಕ್ಕಿಬಿದ್ದ. ಪರದೆಯಲ್ಲಿ ಕಂಡ ಮುಖಗಳಲ್ಲಿ ಒಂದು ಅವನ ಕಾರಿನ ಚಾಲಕನದು. ಆ ಚಾಲಕ ಠಾಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡ. ಶಿಖರದ ಬೋರ್ಡುಗಳನ್ನು ಜನ ಕಿತ್ತು ಸುಟ್ಟರು. ಪತ್ರಿಕೆಯವರು ಗೌರಿಯನ್ನು ಧೀರೆ ಎಂದು ಬರೆದರು. ದೀಪ ಆರಿದ ಮೇಲೆ ಪಲ್ಟುವನ್ನು ಹೊಡೆದವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಯಾವ ಕ್ಯಾಮೆರಾವೂ ಅವರನ್ನು ಕಂಡಿರಲಿಲ್ಲ.

ಮನೆಯಲ್ಲಿ ದೇವೇಂದ್ರ ಹೆಂಡತಿಯ ಪಟ್ಟಿ ಕಟ್ಟಿದ ತೋಳಿಗೆ ದಿಂಬು ಕೊಟ್ಟು, ಅನ್ನ ಕಲಸಿಕೊಟ್ಟ. ಪ್ರತೀಕ್ಷಾ ಎರಡು ದಿನ ದೂರದೂರವೇ ಇದ್ದಳು. ಆಮೇಲೆ ಹಾಸಿಗೆಯ ತುದಿಯಲ್ಲಿ ಬಂದು ಕೂತಳು.

"ಅಮ್ಮಾ, ಐ ಸಾ ಎವ್ರಿಥಿಂಗ್. ಸರ್ ಹ್ಯಾಂಡ್ಸ್ ಜೋಡಿಸಿ ಹೆಂಗ ಅಳ್ತಿದ್ರು. ನೀ ಆಫ್ ಮಾಡ್ಲಿಲ್ಲ."

"ಹೌದವ್ವಾ. ಮಾಡ್ಲಿಲ್ಲ."

"ಆಮ್ಯಾಲೆ ಆ ರೆಡ್ ಬನಿಯನ್ ಅವನನ್ನ ಹೊಡೀವಾಗ ಆಫ್ ಮಾಡ್ದಿ. ವೈ?"

ಗೌರಿ ಗೋಡೆಯ ಕಡೆ ನೋಡಿದಳು. "ಅದ ತಿಳೀವಲ್ದು ನಂಗ."

ಬದರಿನಾಥ ಮೇಷ್ಟ್ರ ಬಲಗೈಗೆ ಎರಡು ಸಲ ಆಪರೇಷನ್ ಆಯಿತು. ಬೆರಳುಗಳು ಮಡಚಲಿಲ್ಲ. ಗೌರಿ ನೋಡಲು ಹೋದಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಮಲಗಿದ್ದರು.

"ನೀನು ನನ್ನ ಜೀವ ಉಳಿಸಿದೆ ಅಂತಾರೆ ಎಲ್ಲರೂ. ಇರಬಹುದು," ಎಂದರು. "ಆದರೆ ನನ್ನ ಮಕ್ಕಳು ನನ್ನನ್ನ ಯಾವತ್ತೂ ಮಂಡಿಯೂರಿ ನೋಡಿರಲಿಲ್ಲ ಕಣಮ್ಮ. ಈಗ ನೋಡಿದ್ರು." ಆಮೇಲೆ, "ಆ ದುರ್ಗಾಪುರದ ಮಗೂಗೆ ಯಾರಾದ್ರೂ ಲೆಕ್ಕ ಹೇಳಿಕೊಟ್ರಾ?" ಎಂದು ಕೇಳಿದರು.

ಗೌರಿಗೆ ಗೊತ್ತಿರಲಿಲ್ಲ. ವಾಹಿನಿಗೆ ಬಂದ ಕರೆಗಳಲ್ಲಿ ಹುಡುಕಿ, ಆ ಹುಡುಗಿಯ ನಂಬರ್ ಪತ್ತೆಮಾಡಿ ಮೇಷ್ಟ್ರ ಕಿವಿಗೆ ಫೋನ್ ಇಟ್ಟಳು. ಅವರು ಮಲಗಿದಲ್ಲೇ, ಗಾಳಿಯಲ್ಲಿ ಎಡಗೈಯಿಂದ ಗೆರೆ ಎಳೆಯುತ್ತ ಲೆಕ್ಕ ಮುಗಿಸಿದರು. ಫೋನ್ ಇಟ್ಟ ಮೇಲೂ ಗೌರಿಯ ಕಡೆ ತಿರುಗಲಿಲ್ಲ.

ಮಿಥುನ್ ಬೆಂಗಳೂರಿಗೆ ಹೋದ. ಒಂದೇ ಕಿವಿಯಲ್ಲಿ ಕೇಳಿಸಿಕೊಳ್ಳುವುದು ರೂಢಿಯಾಗುತ್ತಿದೆಯೆಂದು ಆಗಾಗ ಫೋನಿನಲ್ಲಿ ಹೇಳುತ್ತಿದ್ದ.

ವಾಹಿನಿಯವರು ಸಭೆ ಸೇರಿ ನಿಯಮಗಳನ್ನು ಬಿಗಿ ಮಾಡಿದರು. ಕೋಚಿಂಗ್ ಸೆಂಟರುಗಳ ಜಾಹೀರಾತು ಪೂರಾ ನಿಂತಿತು. ಗೌರಿ ಬೇಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಕೊನೆಗೆ ಇನ್ನೊಂದು ಹೊಸ ನಿಯಮ ಬಂತು. ಪ್ರಸಾರದಲ್ಲಿ ಯಾವುದೇ ಹಿಂಸೆ ನಡೆದರೆ ತತ್‌ಕ್ಷಣ ಕತ್ತರಿಸಬೇಕು. ಎಲ್ಲರೂ ತಲೆಯಾಡಿಸಿದರು.

"ಇದಕ್ಕ ನನ್ನ ಒಪ್ಪಿಗಿ ಇಲ್ಲ," ಎಂದು ಗೌರಿ ಹಿಂದಿ, ಇಂಗ್ಲಿಷ್ ಎಲ್ಲ ಮರೆತು ಕನ್ನಡದಲ್ಲೇ ಅಂದುಬಿಟ್ಟಳು. ಆಮೇಲೆ ಹಿಂದಿಯಲ್ಲಿ ಹೇಳಿದಳು: "ಕತ್ತರಿಸಿದ್ದಕ್ಕೆ ಒಬ್ಬ ಸತ್ತ. ಕತ್ತರಿಸಿದವಳು ನಾನು." ನಿರ್ದೇಶಕರು ನೀರಿನ ಲೋಟ ಅವಳ ಕಡೆ ಸರಿಸಿ, ನೀವು ಬಹಳ ದಣಿದಿದ್ದೀರಿ ಎಂದರು. ನಿಯಮ ಉಳಿಯಿತು. ಗೌರಿ ಆ ಕುರ್ಚಿಯಲ್ಲಿ ಉಳಿಯಲಿಲ್ಲ.

ಕೆಲಸ ಬಿಟ್ಟ ವಾರದಲ್ಲಿ ಅವಳು ಬಾರಾನಗರಕ್ಕೆ ಹೋದಳು. ಗಂಗೆಯ ದಡದ ಸೆಣಬಿನ ಗಿರಣಿಯ ಹಿಂದೆ ಪಲ್ಟುವಿನ ಮನೆ. ಅವನ ತಾಯಿ ಹೊಸ್ತಿಲಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು. ತಾನು ಯಾರೆಂದು ಗೌರಿ ಹೇಳಿದಳು. ಗುಂಡಿ ಒತ್ತಿದ್ದನ್ನೂ ಹೇಳಿದಳು. ಮುದುಕಿಗೆ ಗುಂಡಿಯ ಮಾತು ಅರ್ಥವಾಯಿತೋ ಇಲ್ಲವೋ. ಎದ್ದು ಬಂದವಳೇ ಮೀನಿನ ಕೈಯಲ್ಲೇ ಗೌರಿಯ ಕಪಾಳಕ್ಕೆ ಹೊಡೆದಳು. ಮತ್ತೆ ಹೊಡೆದಳು. ಕೂದಲು ಹಿಡಿದು ಎಳೆದಾಡಿದಳು. ಇನ್ನೂ ಕೂಡದ ಎಲುಬಿನಿಂದ ನೋವು ತೋಳಿನುದ್ದಕ್ಕೂ ಹರಿಯಿತು. ಗೌರಿ ಕೈ ಎತ್ತಲಿಲ್ಲ. ಅಕ್ಕಪಕ್ಕದವರು ಬಂದು ಬಿಡಿಸಲು ನೋಡಿದಾಗ, ಬಿಡಿ ಎಂದಳು.

ಮುದುಕಿ ತಾನೇ ಸುಸ್ತಾಗಿ ಕೂತಳು. ಏದುಸಿರು ಬಿಡುತ್ತ ಕೇಳಿದಳು:

"ನೀನು ಹತ್ತಿರದಲ್ಲೇ ಇದ್ದೆಯಾ? ಅವನು ಏನಾದರೂ ಅಂದನಾ?"

ಗೌರಿ ಅವಳ ಎದುರು ನೆಲದ ಮೇಲೆ ಕೂತಳು. ಅವನು ದಿದಿ ಎಂದು ಕರೆದದ್ದನ್ನೂ ಹೊಡೆತ ನಿಲ್ಲಿಸಿ ಎಂದು ಬೇಡಿಕೊಂಡದ್ದನ್ನೂ ತನ್ನ ಹರಕು ಬಂಗಾಳಿಯಲ್ಲಿ ಹೇಳಿದಳು. ಮುದುಕಿ ಮತ್ತೊಮ್ಮೆ ಹೇಳು ಎಂದಳು. ಗೌರಿ ಮತ್ತೊಮ್ಮೆ ಹೇಳಿದಳು.